ಬೆಳೆಯೋನ ಮನೆಗೆ ಹೆಣ್ಣು

ತೊಂಬತ್ತೈದರ ಚಳಿಗಾಲ. ಕಂಪ್ಲಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಗಾಳೆಮ್ಮ ಹೊಸಪೇಟೆ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಅಣ್ಣ ತಂಗಿ ಕೂತಿದ್ದರು. ಬುಕ್ಕಸಾಗರದಲ್ಲಿ ಕಬ್ಬು ಬೆಳೆಯುವ ಪಾಲಪ್ಪ, ದರೋಜಿಯ ಒಣಭೂಮಿಯ ಮನೆಗೆ ಕೊಟ್ಟ ಅವನ ತಂಗಿ ಹೊಳೆಮ್ಮ. ಗಾಳೆಮ್ಮ ಕೇಳಬೇಕೆಂದು ಕೇಳಲಿಲ್ಲ. ಮಾತು ತಾನಾಗಿ ಕಿವಿಗೆ ಬಿತ್ತು.

“ನನ್ನ ಮಗಳ್ನ ನಿನ್ನ ಮಗನಿಗೆ ತಂದ್ಕೋ ಅಂದ್ರ ಯಾಕ ಹಿಂದ ಸರೀತಿ, ಅಣ್ಣ?”

“ಒಂದು ವರ್ಷ ತಡಿಯವ್ವ. ಸುತ್ತಲಿನ ದೇಶದೋರೆಲ್ಲ ಕೂಡಿ ಗಡಿ ಸುಂಕ ತೆಗೆದು ಹಾಕ್ತಾರಂತ. ರೇಡಿಯೋದಾಗ ದಿನಾ ಅದಾ ವಾದ. ಪಾಕಿಸ್ತಾನದ ಸಕ್ಕರಿ ನಮ್ಮಲ್ಲಿಗೇ ಬರ್ತತಂತ.”

“ಬರ್ಲಿ ಬಿಡು. ಅಗ್ಗ ಆದ್ರ ನಮ್ಮಂಥೋರೂ ತಿಂತೀವಿ.”

“ಕೊಳ್ಳೋರಿಗೆ ಒಳ್ಳೇದವ್ವ. ನೀನು ಬೆಳೆಯೋನ ಮನಿಗೆ ಮಗಳ್ನ ಕೊಡಾಕ ಹೊಂಟಿ.”

ಹೊಳೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಕಬ್ಬು ಬಿಟ್ಟು ನೆಲ್ಲು ಹಚ್ಚು. ಕಾಲುವಿ ನೀರೈತಲ್ಲ.”

“ಅಕ್ಕಿ ಪಾಕಿಸ್ತಾನದೋರೂ ಬೆಳೀತಾರ.”

“ತಿಳಿದೋರನ್ನ ಕೇಳಿದ್ಯಾ?”

“ಯಾರನ್ನ ಕೇಳ್ಲಿ? ಸೊಸೈಟಿಯೋರೂ ಅದಾ ರೇಡಿಯೋ ಕೇಳ್ತಾರ.”

“ನೀರಾವರಿ ಮನಿಗೆ ಹೋಗ್ತಿ ಅಂತ ಹುಡುಗಿಗೆ ಆಸಿ ಹುಟ್ಟಿಸೀನಿ. ಒಣಭೂಮಿಯೋರಿಗೇ ಕೊಡ್ಲೇನು ಮತ್ತ?”

“ಬ್ಯಾಡ. ನೀನು ಪಟ್ಟಿದ್ದು ಸಾಕು.”

“ಅಲ್ಲೂ ಬ್ಯಾಡ, ಇಲ್ಲೂ ಬ್ಯಾಡ ಅಂದ್ರ?”

ಅಷ್ಟರಲ್ಲಿ ದರೋಜಿ ಬಸ್ಸು ಬಂತು. ಪಾಲಪ್ಪ ತಂಗಿಯ ಗಂಟನ್ನು ಎತ್ತಿ ಒಳಗಿಟ್ಟು ಕೆಳಗಿಳಿದ. ಕಿಟಕಿಯಿಂದ ಅವಳು ಕೇಳಿದಳು: “ಆಕಿಗೆ ಏನಂತ ಹೇಳ್ಲಿ, ಅಣ್ಣ?”

ಬಸ್ಸು ರಸ್ತೆಗೆ ತಿರುಗುವವರೆಗೂ ಅವನು ಆ ಕಿಟಕಿಯ ಜೊತೆಜೊತೆಗೇ ನಡೆದ.