ಸಿರುಗುಪ್ಪದಿಂದ ಬಂದ ಒಂದು ಡಬ್ಬಿ ಕಲ್ಲು

ಮೊದಲು ಪೂರ್ತಿ ಕೇಳಿ, ನಗುವುದಿದ್ದರೆ ಆಮೇಲೆ ನಗಿ. ಇದು ನಡೆದದ್ದು ಸತ್ಯನಾರಾಯಣಪೇಟೆಯಲ್ಲಿ, ನಮ್ಮ ಪಕ್ಕದ ಮನೆಯ ನಂದಿನಿಗೆ. ಎರಡು ಮನೆಗೂ ನಡುವೆ ಒಂದೇ ಗೋಡೆ.

ಅವತ್ತು ಸಿರುಗುಪ್ಪದ ಕೊನೆಯ ಬಸ್ಸಿಳಿದು ನಡೆದು ಬರುತ್ತಿದ್ದಳು. ಹೆಗಲ ಮೇಲೆ ನಿದ್ದೆ ಹೋದ ಮೂರು ವರ್ಷದ ಮಗಳು ಚಿನ್ನಿ. ಕೈಯಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಬಂಗಾರವೇನಿಲ್ಲ... ಒದ್ದೆ ಕಲ್ಲು. ಮೀನಿನ ಟ್ಯಾಂಕಿನ ತಳಕ್ಕೆ ಹಾಸುತ್ತಾರಲ್ಲ, ಕಡಲೆಕಾಳಿನಷ್ಟು ಸಣ್ಣವು.

ಚಿನ್ನಿಗೆಂದು ಹೊಸ ಟ್ಯಾಂಕು ತಂದಿದ್ದಳು. ಬಿಟ್ಟ ಮೀನೆಲ್ಲ ಮೂರನೇ ದಿನಕ್ಕೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಹೊಸ ನೀರು ಹದಕ್ಕೆ ಬರಬೇಕೆಂದರೆ ಹಳೇ ಟ್ಯಾಂಕಿನ ಒಂದು ಹಿಡಿ ಕಲ್ಲು ತಂದು ಹಾಕಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಎಂದು ಮೀನಿನ ಅಂಗಡಿಯ ಶರಣ ಹೇಳಿದ. ಸಿರುಗುಪ್ಪದಲ್ಲಿ ಒಡಹುಟ್ಟಿದ ಅಕ್ಕ ಹೇಮಾ, ಅವಳ ಮನೆಯಲ್ಲಿ ನಾಲ್ಕು ವರ್ಷದ ಟ್ಯಾಂಕು. ಕೇಳಿದ್ದೇ ತಡ, ಹೇಮಾ ಒಂದು ಹಿಡಿಯಲ್ಲ, ತಳ ಬಳಿದು ಇದ್ದಷ್ಟನ್ನೂ ತುಂಬಿಕೊಟ್ಟಳು. ಒಂದು ಲೋಟ ಸಕ್ಕರೆ ಕೊಟ್ಟರೆ ಒಂದು ಕಾಳೂ ಬಿಡದೆ ವಾಪಸು ಕೇಳುವ ಹೆಂಗಸು! ಅಲ್ಲೇ ತಿಳಿಯಬೇಕಿತ್ತು. ನಂದಿನಿಗೆ ತಿಳಿಯಲಿಲ್ಲ, ಅಕ್ಕನ ಪ್ರೀತಿಗೆ ಕಣ್ಣು ತುಂಬಿ ಬಂತು.

ಹೊಸ್ತಿಲಲ್ಲಿ ಹೇಮಾ ಪಿಸುಗುಟ್ಟಿದಳು.

"ತೊಳಿಬ್ಯಾಡ. ಹಂಗ ಹಾಕು."

"ಹ್ಞೂಂ."

"ದಾರ್ಯಾಗ ಹಿಂದಕ್ಕ ತಿರುಗಿ ನೋಡಬ್ಯಾಡ."

"ಯಾಕಕ್ಕಾ, ಕಲ್ಲಿಗೆ ನಾಚಿಕಿ ಆಗತೈತೇನು?"

ಹೇಮಾ ನಗಲಿಲ್ಲ.

ನಮ್ಮ ಓಣಿಯ ತಿರುವಿನಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ ಇದೆ. ನಂದಿನಿ ಅದನ್ನು ದಾಟುವಾಗ ಹಿಂದಿನಿಂದ ಸದ್ದು... ಛಿಣ್. ನಾಲ್ಕು ಹೆಜ್ಜೆಗೆ ಮತ್ತೆ... ಛಿಣ್. ಡಬ್ಬಿಯ ಕಲ್ಲು ಇರಬೇಕೆಂದು ನಿಂತಳು. ಅವಳು ನಿಂತ ಮೇಲೆ ಸದ್ದು ಇನ್ನೊಂದು ಹೆಜ್ಜೆ ಹಾಕಿ ನಿಂತಿತು. ಅಕ್ಕ ಹೇಳಿದ್ದಳಲ್ಲ, ತಿರುಗಿ ನೋಡಲಿಲ್ಲ.

ಕಲ್ಲು ಹಾಕಿದ ಮೇಲೆ ಒಂದು ಮೀನೂ ಸಾಯಲಿಲ್ಲ. ಬದಲಾದವಳು ಚಿನ್ನಿ. ಊಟ ಬೇಡ, ಆಟ ಬೇಡ, ಗಾಜಿಗೆ ಮೂಗು ಒತ್ತಿ ಕೂರುವುದು. ಯಾರ ಕೂಡ ಮಾತಾಡುತ್ತೀ ಎಂದರೆ, ಒಳಗಿನ ಹುಡುಗಿ ಕೂಡ ಎನ್ನುತ್ತಿದ್ದಳು.

"ಏನಂತಾಳ?"

"ಬಾ ಅಂತಾಳ."

ಹದಿನೈದನೇ ದಿನ ರಾತ್ರಿ ನಂದಿನಿಗೆ ಎಚ್ಚರವಾಯಿತು. ಬುಳುಕ್... ಬುಳುಕ್... ಎದ್ದು ನೋಡಿದರೆ ಚಿನ್ನಿ ಸ್ಟೂಲಿನ ಮೇಲೆ ನಿಂತಿದ್ದಾಳೆ, ಕೈ ಭುಜದವರೆಗೆ ನೀರಿನೊಳಗೆ. ಹಿಮ್ಮಡಿ ಮೇಲೆದ್ದಿದೆ, ಮುಖ ನೀರಿಗೆ ಬಡಿಯುವಂತಿದೆ. ನಂದಿನಿ ಹಿಡಿದು ಎಳೆದಳು. ಕೂಸು ಬರಲಿಲ್ಲ. ಇನ್ನೊಮ್ಮೆ ಎಳೆದಾಗ... ನೀರೊಳಗೆ ಹಿಡಿದದ್ದು ಒಮ್ಮೆಲೇ ಬಿಟ್ಟಿತು. ಇಬ್ಬರೂ ಹಿಂದಕ್ಕೆ ಬಿದ್ದರು.

ಬೆಳಗಾಗುವವರೆಗೆ ಕಾಯಲಿಲ್ಲ ಅವಳು. ಚಿನ್ನಿಯನ್ನು ಹಳೇ ಸೀರೆಯಿಂದ ಮಂಚಕ್ಕೆ ಕಟ್ಟಿ, ಬಕೆಟ್ಟು ಕೆಳಗಿಟ್ಟು, ಟ್ಯಾಂಕು ತೊಳೆಯುವ ಪೈಪನ್ನು ಕಲ್ಲಿನೊಳಗೆ ಚುಚ್ಚಿ, ಇನ್ನೊಂದು ತುದಿಗೆ ಬಾಯಿಟ್ಟು ನೀರೆಳೆದು ಬಕೆಟ್ಟಿಗೆ ಬಿಟ್ಟಳು. ಸುರ್... ಎಂದು ಕಂದು ನೀರು ಇಳಿಯಿತು. ಆಮೇಲೆ ಪೈಪಿನೊಳಗೆ ಏನೋ ಬಡಿಯುತ್ತ ಬಂತು. ಟಿಕ್... ಟಿಕ್... ಟಿಕ್... ಬಕೆಟ್ಟಿಗೆ ಬಿತ್ತು. ಛಿಣ್.

ಮಕ್ಕಳ ಕಾಲ್ಗೆಜ್ಜೆಯ ಒಂದೇ ಒಂದು ಗುಂಡು. ಬೆಳ್ಳಿ ಕಪ್ಪಾಗಿತ್ತು. ಚಿನ್ನಿಗೆ ಗೆಜ್ಜೆ ಮಾಡಿಸಿಯೇ ಇರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಹಿಂದಕ್ಕೆ ತಿರುಗಿ ನೋಡಬ್ಯಾಡ ಎನ್ನುವುದು ಕಲ್ಲು ಒಯ್ಯುವವರಿಗೆ ಹೇಳುವ ಮಾತಲ್ಲ. ನಿವಾಳಿಸಿದ್ದನ್ನು ಮೂರು ದಾರಿ ಕೂಡುವಲ್ಲಿ ಬಿಟ್ಟು ಬರುವವರಿಗೆ ಹೇಳುವುದು. ಆ ಹೊತ್ತಿನಲ್ಲೇ ಫೋನು ಹಚ್ಚಿದಳು.

"ಅಕ್ಕಾ, ಕಲ್ಲು ಎಲ್ಲಿಂದ ತಂದಿದ್ರಿ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು, ಆಮೇಲೆ ಹೇಮಾಳ ಪಿಸುದನಿ.

"ಕಾಲುವಿ ಕಲ್ಲು ಅವು. ನಿಮ್ಮ ಬಾವ ತಂದಿದ್ರು. ಅಲ್ಲೊಂದು ಕೂಸು ಮುಳುಗಿ ಹೋಗಿತ್ತಂತ... ನಮಗ ಆಮ್ಯಾಲೆ ಗೊತ್ತಾತು."

"ಗೊತ್ತಿದ್ದೂ ಕೊಟ್ಟಿ?"

"ನನಗೀಗ ಐದು ತಿಂಗಳು, ನಂದಿನಿ. ಏಳು ವರ್ಷದ ಮ್ಯಾಲೆ ನಿಂತೈತಿ. ನಿನಗ ಆಗಲೇ ಒಂದು ಐತಲ್ಲ."

ಒಂದು ಐತಲ್ಲ ಅಂತ. ಸೀರೆ ಎರವಲು ಕೇಳಿದ ಹಾಗೆ. ಅಕ್ಕನಿಗೆ ಐದು ತಿಂಗಳು ಎನ್ನುವುದನ್ನೂ ನಂದಿನಿ ಕೇಳಿದ್ದು ಅವತ್ತೇ.

ಬೆಳಿಗ್ಗೆ ಮೀನುಗಳನ್ನು ಶರಣನಿಗೆ ಕೊಟ್ಟಳು, ಚಿನ್ನಿಯನ್ನು ನನ್ನ ಮಡಿಲಿಗೆ ಹಾಕಿದಳು. ಕಲ್ಲು, ಗುಂಡು ಎಲ್ಲ ಡಬ್ಬಿಗೆ ಬಳಿದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಅಕ್ಕನ ಮನೆಗೆ ಹೋಗಲಿಲ್ಲ. ನೆಟ್ಟಗೆ ಕಾಲುವೆಗೆ ಹೋಗಿ ಸುರಿದಳು. ಬುಳಬುಳ ಎಂದು ಮುಳುಗಿದವು.

ಕಾಲುವೆಯಿಂದ ಬಸ್ ಸ್ಟ್ಯಾಂಡಿಗೆ ಬರುವ ದಾರಿ ಹೇಮಾಳ ಮನೆಯ ಮುಂದೆಯೇ ಹಾಯುತ್ತದೆ. ಅರ್ಧ ದಾರಿಗೆ ಬಂದಾಗ ಹಿಂದಿನಿಂದ... ಛಿಣ್. ಹಾಡುಹಗಲು. ನಂದಿನಿ ತಿರುಗಲಿಲ್ಲ. ಛಿಣ್... ಛಿಣ್... ಅಕ್ಕನ ಬಾಗಿಲು ತೆರೆದಿತ್ತು. ಒಳಗೆ ಕುಕ್ಕರು ಕೂಗುತ್ತಿತ್ತು. ನಂದಿನಿ ಆ ಮನೆ ದಾಟಿ ಹತ್ತು ಹೆಜ್ಜೆ ಹೋದಳು. ಹಿಂದೆ ಏನೂ ಬರಲಿಲ್ಲ.

ಅಕ್ಕಾ, ಬಾಗಿಲು ಹಾಕ್ಕೋ... ಆ ಮಾತು ಬಾಯಿಗೆ ಬಂದಿತ್ತಂತೆ. ನುಂಗಿಕೊಂಡಳು. ಬಸ್ಸು ಹತ್ತಿ ಕೂತರೂ ಹಿಂದಕ್ಕೆ ನೋಡಲಿಲ್ಲ. ನನಗೆ ಹೇಳುವಾಗಲೂ ನೆಲ ನೋಡುತ್ತಲೇ ಹೇಳಿದಳು.

ಚಿನ್ನಿ ಈಗ ಚೆನ್ನಾಗಿದ್ದಾಳೆ. ಖಾಲಿ ಟ್ಯಾಂಕಿನಲ್ಲಿ ಅಡುಗೆಯ ಉಳ್ಳಾಗಡ್ಡಿ ತುಂಬಿಟ್ಟಿದ್ದಾರೆ.

ಹೇಮಾಳಿಗೆ ಹೆಣ್ಣುಮಗುವಾಯಿತು. ಹೆಸರಿಡುವ ದಿನ ನಂದಿನಿ ಹೋಗಲಿಲ್ಲ, ಫೋನಿಗೆ ವಿಡಿಯೋ ಬಂತು. ತೊಟ್ಟಿಲ ಪಕ್ಕದ ತಟ್ಟೆಯಲ್ಲಿ ಹೊಸ ಗೆಜ್ಜೆ ಪೊಟ್ಟಣ ಬಿಚ್ಚದೆ ಇದೆ. ಕೂಸಿನ ಕಾಲು ಬರಿದು, ಒಂದು ಕರಿದಾರವೂ ಇಲ್ಲ. ಕೂಸು ಕಾಲು ಝಾಡಿಸುತ್ತದೆ... ಛಿಣ್. ಮತ್ತೆ ಝಾಡಿಸುತ್ತದೆ... ಛಿಣ್.

ನಂದಿನಿ ಅದನ್ನು ದಿನಾ ನೋಡುತ್ತಾಳೆ, ಸದ್ದು ಬಂದ್ ಮಾಡಿಕೊಂಡು. ನನ್ನ ಫೋನಿಗೂ ಕಳಿಸಿದ್ದಾಳೆ. ಸುಳ್ಳು ಅನ್ನುವವರು ಬರ್ರಿ, ಕೇಳಿಸ್ತೀನಿ.