ಐದನೆಯ ಅರ್ಜಿ

ಹಲೋ, ಪರೀಕ್ಷಾ ಮಂಡಳಿನಾ? ಯಾರು ಮಾತಾಡ್ತಿರೋದು?...

ಹಾಂ, ಅರ್ಜಿ ವಿಭಾಗದ ಗುಮಾಸ್ತರು. ನಾನು ಶನಿವಾರದ ಭಾಷಾ ತರಗತಿಯ ಟೀಚರ್. ನಮ್ಮಜ್ಜಿ ಭಾಷೆಯ ಪರೀಕ್ಷೆ ವಿಷಯ...

ಚುಟುಕಾಗಿ ಹೇಳೋಕೆ ಬರಲ್ಲ ಸರ್, ಅಜ್ಜಿ ಕೈಯಲ್ಲಿ ಬೆಳೆದವಳು. ಕೇಳಿ. ಒಂದಾನೊಂದು ಊರಲ್ಲಿ ಒಂದು ಭಾಷೆ ಇತ್ತು, ಅದಕ್ಕೊಂದು ಪರೀಕ್ಷೆ ಇತ್ತು. ಐದು ಜನ ಕೂರದಿದ್ರೆ ಪಟ್ಟಿಯಿಂದ ತೆಗೀತೀವಿ, ತೆಗೆದ್ಮೇಲೆ ಮತ್ತೆ ಸೇರಿಸಲ್ಲ ಅಂತ ದೊರೆಗಳು ಡಂಗುರ ಹೊಡೆಸಿದ್ರು...

ಹಾಂ, ಸುತ್ತೋಲೆ. ನೀವೇ ಟೈಪ್ ಮಾಡಿದ್ದಾ? ಚೆನ್ನಾಗಿತ್ತು... ಲೈನಲ್ಲಿ ಏನೋ ಟಕ್ ಅಂತು, ಅಲ್ವಾ? ಇರ್ಲಿ.

ಐದು ಜನ ಇದ್ರು ಸರ್. ನಿನ್ನೆ ಒಬ್ಬಳು ಬಂದು, ನಂಗೆ ಕರಾಟೆ ಇದೆ ಅಂದ್ಲು. ಈಗ ನಾಲ್ಕು. ಇವತ್ತು ಐದು ಗಂಟೆಗೆ ಗಡುವು. ನಾಲ್ಕೂ ಮುಕ್ಕಾಲು ಆಯ್ತು. ಪರೀಕ್ಷೆ ಉಳಿಸ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದ್ದೀನಿ...

ಅಜ್ಜಿನೇ ಕೂರಬೇಕಾ? ಅವರು ಮೌಖಿಕ ಪರೀಕ್ಷಕರು, ನಿಮ್ಮ ಪಟ್ಟಿಯಲ್ಲಿರೋದೇ ಅವರೊಬ್ಬರು. ತಾವೇ ಕೇಳಿ ತಾವೇ ಉತ್ತರ ಹೇಳೋಕೆ ತಯಾರಿದ್ದಾರೆ. ಮನೇಲೂ ಅದೇ ಮಾಡೋದು. ನಿಯಮ ಒಪ್ಪಲ್ಲ, ಅಲ್ವಾ?...

ನಾನಾ? ಪ್ರಶ್ನೆಪತ್ರಿಕೆ ತಯಾರಿಸೋಳು ನಾನೇ...

ಮತ್ತೆ ಟಕ್ ಅಂತು. ನಿಮ್ಮ ಫೋನ್ ಕೆಟ್ಟಿದೆಯಾ?... ಇಲ್ವಾ?

ಒಂದು ನಿಮಿಷ ಸರ್. ನಮ್ಮ ಭಾಷೇಲಿ ಕಥೆ ಕೇಳೋರು ಹೂಂಗುಟ್ಟಲ್ಲ, ನಾಲಗೇಲಿ ಟಕ್ ಅನ್ನಿಸ್ತಾರೆ. ಅನ್ನಿಸದಿದ್ರೆ ಅಜ್ಜಿ ಕಥೆ ಮುಂದುವರಿಸಲ್ಲ. ಬೇರೆ ಯಾರೂ ಹಾಗೆ ಮಾಡಲ್ಲ...

ನಿಮ್ಮಮ್ಮ ಈ ಭಾಷೇಲಿ ಕಥೆ ಹೇಳ್ತಿದ್ರಾ?... ಅವರಾದ್ಮೇಲೆ ಯಾರ ಹತ್ರಾನೂ ಈ ಭಾಷೆ ಮಾತಾಡೇ ಇಲ್ವಾ?...

ಬರೆಯೋಕೆ ಬರದಿದ್ರೆ ಏನಾಯ್ತು? ನಮ್ಮ ನಾಲ್ವರಲ್ಲಿ ಇಬ್ಬರಿಗೂ ಬರಲ್ಲ. ಕೂರಬೇಕು ಅಂತಿದೆ ಸುತ್ತೋಲೇಲಿ, ಪಾಸಾಗಬೇಕು ಅಂತಿಲ್ಲ. ಮಂಡಳಿಯ ನೌಕರರು ಕೂರಬಾರ್ದು ಅಂತ ನಿಯಮ ಇದ್ಯಾ, ನೋಡಿ...

ಇಲ್ವಾ? ಯಾರೂ ಕೇಳಿರಲಿಕ್ಕಿಲ್ಲ. ಖಾಲಿ ಅರ್ಜಿ ನಿಮ್ಮ ಮೇಜಿನ ಮೇಲೇ ಇದೆ ತಾನೇ?...

ವಯಸ್ಸು ಐವತ್ತೇಳಾ? ಹಾಗೇ ತುಂಬಿ. ಶನಿವಾರ ಹತ್ತು ಗಂಟೆಗೆ ತರಗತಿ, ಪೆನ್ಸಿಲ್ ತನ್ನಿ. ತಡವಾದ್ರೆ ಅಜ್ಜಿ ಹೊರಗೆ ನಿಲ್ಲಿಸ್ತಾರೆ, ಗುಮಾಸ್ತರು ಅಂತ ನೋಡಲ್ಲ...

ಸಹಿ ಆಯ್ತಾ? ಇನ್ನು ಮುದ್ರೆ. ಫೋನ್ ಹತ್ರ ಹಿಡಿದು ಒತ್ತಿ ಸರ್, ಪಕ್ಕದಲ್ಲಿರೋ ಅಜ್ಜಿಗೂ ಕೇಳಿಸ್ಲಿ...

ಹಾಂ, ಕೇಳಿಸ್ತು. ಅಜ್ಜಿ, ಐದು ಜನ ಆದ್ರು!...

ಏನಂದ್ರಾ? ಸರ್, ಟಕ್ ಅನ್ನಿಸಿದ್ರು... ಹಲೋ? ಲೈನ್ ಕಟ್ಟಾಯ್ತಾ?