ನೀಲಕ್ಕನ ಕಣಕಿ ಹಾಸಿಗಿ

...ಏ, ಸಾಕ ಬಿಡ್ರೊ, ಎಷ್ಟ ನೀರಿನ ಬಾಟ್ಲಿ ತುಂಬತೀರಿ? ಕುಮಟಾಕ್ಕ ಹೊಂಟೀರೋ ಮರುಭೂಮಿಗೆ ಹೊಂಟೀರೋ? ಥೇಟ್ ನಮ್ಮಪ್ಪನ ಮೊಮ್ಮಕ್ಕಳು ನೋಡು... ಮೊಮ್ಮಕ್ಕಳಲ್ಲ, ನನ್ನ ಮೊಮ್ಮಕ್ಕಳಂದ್ರ ಅಂವಗ ಮರಿಮೊಮ್ಮಕ್ಕಳು, ಇರ್ಲಿ. ಅಂವಾನೂ ಘಟ್ಟಕ್ಕ ಹೊಂಟಾಗ ಹಿಂಗ, ಚಕ್ಕಡ್ಯಾಗ ಎರಡ ಕೊಡ ನೀರು ಹೇರಿದ್ದ. ಸವಣೂರು ಸೀಮಿಯಾಂವ, ಬ್ಯಾಸಗ್ಯಾಗ ಬಾವಿ ತಳ ನೋಡಿ ಬೆಳದಾಂವ, ಘಟ್ಟದಾಗ ಹೆಜ್ಜಿಗೊಂದು ಹಳ್ಳ ಹರಿತೈತಿ ಅಂದ್ರ ನಂಬಾಂವಲ್ಲ. ಮೇವಿನ ಮಾತು ಬಂತಂದ್ರ, "ಹಸರ ಕಾಡಿನಾಗ ಎತ್ತಿಗೆ ಮೇವಿನ ಬರಾನ? ಬಾಯಿ ಹಾಕಿದಲ್ಲೆಲ್ಲಾ ಮೇವು!" ಅಂತ ನಕ್ಕು, ಒಂದ ಸಿವುಡ ಕಣಕಿನೂ ಕಟ್ಟಲಿಲ್ಲ. ಜ್ವಾಳದ ಕಣಕಿ ತಿಂದು ಬೆಳದ ಎತ್ತಾ ಅವು, ಗೊತ್ತಲ್ಲಾ.

ಎರಡನೇ ಮಹಾಯುದ್ಧದ ಲಡಾಯಿ ನಡದಿತ್ತಲ್ಲಾ, ಆವಾಗಿನ ಮಾತು. ನಮ್ಮ ನೀಲಕ್ಕನ ಗಂಡ ಘಟ್ಟದ ಬುಡಕ ಕಟ್ಟಿಗಿ ಡಿಪೋದಾಗ ಕಾವಲಿದ್ದ, ಅಕ್ಕ ಚೊಚ್ಚಲ ಬಸುರಿ, ಬಾಣಂತನ ತವರ್ಯಾಗ ಆಗಬೇಕಲ್ಲಾ. ಅಲ್ಲಿ ಸುತ್ತಾ ಕಾಡು, ಸೂಲಗಿತ್ತಿ ಅಂದ್ರ ಯಾರಿಲ್ಲ. ಮಳಿ ಹಿಡದ್ರ ಚಕ್ಕಡಿ ಘಟ್ಟ ಏರೂದಿಲ್ಲ. ಮೋಟರಿತ್ತು, ಇಲ್ಲಂತಲ್ಲ, ಆದ್ರ ಪೆಟ್ರೋಲ್ ಸಿಗವಲ್ದು, ಇದ್ದಲಿ ಉರಿಸಿ ಓಡಸ್ತಿದ್ರು, ಏರು ಬಂತಂದ್ರ ಮಂದಿನ್ನ ಇಳಿಸಿ ನೂಕಸ್ತಿದ್ರು. ಅದರಾಗ ತುಂಬಿದ ಬಸುರೀನ್ನ ಕುಂದ್ರಸ್ತಾರೇನು? ಅದಕ್ಕ ಚಕ್ಕಡಿನ ಆತು. ಅವ್ವ ಮುದುಕಿ ಅತ್ತೀನ್ನ ಬಿಟ್ಟು ಬರೂವಂಗಿದ್ದಿಲ್ಲ, ಅಕ್ಕನ ಜೋಡಿಗೆ ಒಂದ ಹೆಣ್ಣ ಜೀವ ಇರ್ಲಿ ಅಂತ ನನ್ನ ಕಳಿಸಿದ್ಲು. ನನಗ ಆಗ ಮದವಿ ಗೊತ್ತಾಗಿತ್ತು, ಘಟ್ಟ ನೋಡೂದಂದ್ರ ಕುಣ್ಯಾಕತ್ತಿದ್ದೆ. ಅವ್ವ ಚಕ್ಕಡಿ ಹಲಗಿ ಮ್ಯಾಲ ಎಳೀ ಕಣಕಿ ಮಣಕಾಲುದ್ದ ಹಾಸಿ, ಮ್ಯಾಲ ಕೌದಿ ಹಾಕಿದ್ಲು, ಮಗಳ ಸೊಂಟಕ್ಕ ಧಡಕಿ ಬಡೀಬಾರ್ದಂತ. ಹಾಸಿ, ಅಪ್ಪನ ಮುಂದ ನಿಂತು, "ನೋಡ್ರಿ, ಇದರಾಗಿನ ಒಂದ ಕಡ್ಡಿ ಹಿರದ್ರೂ ನಿಮಗ ನನ್ನ ಆಣಿ ಐತಿ" ಅಂದ್ಲು. ಆಣಿ ಅಂದ್ರ ಆವಾಗ ಹುಡುಗಾಟಿಕಿ ಅಲ್ಲ.

ಹಾನಗಲ್ಲ ದಾಟಿದ್ವಿ, ಜ್ವಾಳದ ಹೊಲಾ ಮುಗದು ಭತ್ತದ ಗದ್ದಿ ಚಾಲೂ. ಅಪ್ಪ ಅಲ್ಲಲ್ಲೆ ಭತ್ತದ ಹುಲ್ಲು ಕೊಂಡು ಹಾಕಿದ. ಎತ್ತು ಮೂಸಿದ್ವು, ಮಾರಿ ತಿರುವಿದ್ವು. "ಹಸದ್ರ ತಿಂತಾವ ಬಿಡ" ಅಂದ. ಎಲ್ಲಿ ತಿಂತಾವ? ಕಾಡಿನ ಹಸರ ಹುಲ್ಲಿಗೂ ಎರಡ ಬಾಯಿ ಆಡಿಸಿದಂಗ ಮಾಡಿ ಉಗಳ್ತಿದ್ವು, ಮದವಿ ಮನ್ಯಾಗ ಊಟ ಸರಿ ಇಲ್ಲಂತ ಬೀಗರು ಮಾರಿ ಮಾಡತಾರಲ್ಲಾ, ಹಂಗ. ಘಟ್ಟದ ಇಳಕಲಾ ಹೆಂಗೋ ಇಳದ್ವಿ, ಚಕ್ಕಡಿ ಜಾರಿ ಓಡಬಾರ್ದಂತ ಹಿಂದ ಮರದ ತುಂಡು ಕಟ್ಟಿ, ಎಳಕೋತ. ಅಕ್ಕನ್ನ ಕರಕೊಂಡು ತಿರುಗಿ ಏರಿನ ಬುಡಕ ಬಂದ್ವಿ ನೋಡು, ಎರಡೂ ಎತ್ತು ದಪ್ ಅಂತ ಮಲಗಿಬಿಟ್ವು. ಬಡದ್ರೂ ಏಳವಲ್ವು. ಸಮುದ್ರದ ಕಡಿಂದ ಮಾಡ ಕಪ್ಪಾಗಾಕತ್ತಿತ್ತು. ಅಪ್ಪ ತಲಿ ಮ್ಯಾಲ ಕೈ ಹೊತ್ತು ಕುಂತ. ಎತ್ತು ಕುತಿಗಿ ತಿರುವಿ ತಿರುವಿ ಆ ಹಾಸಿಗಿ ಕಡೇನ ನೋಡ್ತಾವ, ಅಪ್ಪನೂ ಅದನ್ನ ನೋಡ್ತಾನ, ಕೈ ಮಾತ್ರ ಹಚ್ಚವಲ್ಲ. ನನಗ ಅಳೂನ ಬಂತು.

ಅಕ್ಕ ಮೆಲ್ಲಕ ಇಳದ್ಲು, ಕೌದಿ ಎತ್ತಿ ಕಣಕಿ ಹಿರಿಯಾಕ ಹತ್ತಿದ್ಲು. ಅಪ್ಪ ಗಾಬರಿ ಆಗಿ, "ಏ ನೀಲವ್ವಾ, ನಿಮ್ಮವ್ವನ ಆಣಿ ಐತಿ!" ಅಂದ. ಆಕಿ, "ಆಣಿ ಹಾಕಿದ್ದು ನಿನಗಪಾ, ನನಗೇನಲ್ಲ" ಅಂದು ಎತ್ತಿನ ಮುಂದ ಹಾಕಿದ್ಲು. ಕರಕರ ಕರಕರ ತಿಂದ್ವು, ಒಂದ ರವದಿ ಬಿಡಲಿಲ್ಲ. "ನೀ ಯಾದರ ಮ್ಯಾಲ ಕುಂದ್ರತಿ ನೀಲವ್ವಾ?" ಅಂದ ಅಪ್ಪ. "ಏರು ಮುಗಿಯೂತನಕ ನಡೀತೇನಿ. ತಿಂದಾವಂತ ನಾ ಮತ್ತ ಭಾರ ಆಗ್ಲೇನು?" ನನ್ನ ಹೆಗಲಿಗೆ ಕೈ ಹಾಕಿ ನಡದ್ಲು ನಮ್ಮಕ್ಕ, ನಾಕ ಹೆಜ್ಜಿ ಇಟ್ಟು ನಿಂತ್ಲು, ಮತ್ತ ನಾಕ ಹೆಜ್ಜಿ. ನಿಂತಾಗೊಮ್ಮೆ ನನಗ ಜೀವ ಹಾರೂದು. ಎಂಥಾ ಗಟ್ಟಿ ಜೀವ ಅಂತೀರಿ! ಈಗೂ ನೆನಸಿದ್ರ ಆಕೀನ್ನ ತಬ್ಬಿ ಮುದ್ದ ಕೊಡಬೇಕ ಅನಸ್ತೈತಿ. ಮ್ಯಾಲ ಮುಟ್ಟಿದ ಮ್ಯಾಲ ಚಕ್ಕಡಿ ಹತ್ತಿದ್ರ ಬರೇ ಹಲಗಿ, ಒಂದ ಕೌದಿ. ಅಪ್ಪ ತಲಿ ಮ್ಯಾಲಿನ ಪಟಕಾ ಬಿಚ್ಚಿ, ಸುತ್ತಿ ಸುತ್ತಿ ಸಿಂಬಿ ಮಾಡಿ ಆಕಿ ಕೆಳಗಿಟ್ಟ.

ಊರು ಮುಟ್ಟಿದ್ವಿ. ಅವ್ವ ಬಾಗಲದಾಗ ನಿಂತಿದ್ಲು. ನಾವಿಬ್ರೂ ಬಿಸಲಿಗಂತ ಚಕ್ಕಡಿಗೆ ಕಟ್ಟಿದ ತಟ್ಟಿ ಒಳಗ, ಅಪ್ಪ ಒಬ್ಬನ ಮುಂದ, ಬರೀ ತಲೀಲೆ. ಆವಾಗ ಗಂಡಸು ಬರೀ ತಲೀಲೆ ಊರಾಗ ಬಂದಾನಂದ್ರ ಯಾರಿಗೋ ಮಣ್ಣ ಕೊಟ್ಟು ಬಂದಾನಂತ ಅರ್ಥ. ಅಂವಗ ಪಟಕಾ ನೆನಪೂ ಇದ್ದಿಲ್ಲ. ಅವ್ವ ನೋಡಿದ್ಲು, "ಅಯ್ಯೋ ನನ್ನ ನೀಲವ್ವಾ" ಅಂತ ಎದಿ ಎದಿ ಬಡಕೊಂಡು ನೆಲಕ್ಕ ಬಿದ್ಲು, ಓಣಿ ಮಂದಿ ಕೂಡಿದ್ರು. ಅಕ್ಕ ತಟ್ಟಿ ಸರಿಸಿ ಮಾರಿ ಹೊರಗ ಹಾಕಿ, "ಯವ್ವಾ, ನಾ ಇಲ್ಲೇ ಅದೇನಿ, ಏಳ. ಮದ್ಲ ಎತ್ತಿಗೆ ಕಣಕಿ ಹಾಕ" ಅಂದ್ಲು. ಅವ್ವ ಆಕೀನ್ನ ತಬಕೊಂಡು ಅತ್ಲು, ನಕ್ಲು, ಅಪ್ಪಗ ಬೈದ್ಲು, ಎಲ್ಲಾ ಒಂದ ಉಸಿರಿನಾಗ.

ಮಂದೀನ್ನ ಕರಕೊಂಡು ಹೋಗೂ ಜೀವದ ಹೊಟ್ಟಿ ಮದ್ಲ ನೋಡಬೇಕ್ರೊ. ಹೊರಗ ನಿಮ್ಮ ಗಾಡಿ ಡ್ರೈವರ್ ಹುಡುಗ ಮುಂಜಾನಿಂದ ಕುಂತಾನ, ಏನರ ತಿಂದಾನೇನು? ಹೋಗಿ ಕೇಳ್ರಿ ಮದ್ಲ.